ಚೊಳಚಗುಡ್ಡದ ಬಳ್ಳಿ ಕಾಯಿ ಬಿಡದ ಕಾರಣ

ಎಲ್ಲರಿಗೂ ಶರಣು. ವೇದಿಕೆಯ ಮೇಲಿರುವ ಪ್ರಾಂಶುಪಾಲರಿಗೆ, ಇಳಕಲ್ಲಿನಿಂದ ಬಂದಿರುವ ಬಸವೇಶ್ವರಿ ಮೇಡಂ ಅವರ ಅಕ್ಕ ಗುರುಲಿಂಗವ್ವನವರಿಗೆ, ತಮ್ಮ ಸಂಗಮೇಶ ಅವರಿಗೆ, ಮೇಡಂ ಕೈಯಲ್ಲಿ ಪಾಸಾದವರಿಗೆ, ಫೇಲಾದವರಿಗೆ — ಇವತ್ತು ಫೇಲಾದವರೇ ಹೆಚ್ಚು ಬಂದ ಹಾಗಿದೆ — ಎಲ್ಲರಿಗೂ ಶರಣು.

ನನ್ನ ಹೆಸರು ಸೋಮಲಿಂಗ. ಊರು ಬೇವೂರು. ಈ ಹುನಗುಂದದ ಕಾಲೇಜಿನಲ್ಲಿ, ಸಸ್ಯಶಾಸ್ತ್ರ ವಿಭಾಗದಲ್ಲಿ, ಇಪ್ಪತ್ತೆಂಟು ವರ್ಷದಿಂದ ಲ್ಯಾಬ್ ಅಟೆಂಡರ್. ಇಂಥ ಸಭೆಗಳಿಗೆ ಮೈಕು, ಖುರ್ಚಿ ಹೊತ್ತು ತಂದು ಇಟ್ಟು ಗೊತ್ತೇ ಹೊರತು ಮೈಕಿನ ಮುಂದೆ ನಿಂತು ಗೊತ್ತಿಲ್ಲ. ನನ್ನ ಹೆಸರು ಪಟ್ಟಿಯಲ್ಲೂ ಇರಲಿಲ್ಲ. ನಾನೇ ಹೋಗಿ ಕೇಳಿದೆ. ಐದು ನಿಮಿಷ ಅಂದಿದ್ದಾರೆ. ಹೆಚ್ಚಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನನಗಿಂತ ಮುಂಚೆ ನಾಲ್ಕು ಮಂದಿ ಮಾತಾಡಿದರು. ಮೇಡಂ ಶಾಂತ ಸ್ವಭಾವದವರು, ಒಬ್ಬರ ಮನಸ್ಸನ್ನೂ ನೋಯಿಸಿದವರಲ್ಲ ಅಂದರು. ನೀವೆಲ್ಲ ದೊಡ್ಡವರು, ಸಿಟ್ಟಾಗಬೇಡಿ — ಇದು ಸುಳ್ಳು. ಮೇಡಂ ಬೈಯದ ಒಬ್ಬ ಮನುಷ್ಯ ಈ ಹಾಲಿನಲ್ಲಿದ್ದರೆ ಕೈ ಎತ್ತಿ, ನೋಡೋಣ. — ಒಂದೂ ಇಲ್ಲ. ಪ್ರಾಂಶುಪಾಲರು ನಗುತ್ತಿದ್ದಾರೆ, ಅವರಿಗೂ ಸಿಕ್ಕಿದೆ. ಈ ಫೋಟೋಗೆ ಹಾಕಿರುವ ಸೇವಂತಿಗೆ ಮಾಲೆಯನ್ನು ಕಂಡಿದ್ದರೆ ಈಗಲೂ ಬೈಯುತ್ತಿದ್ದರು. "ಇದನ್ನ ಒಂದು ಹೂವು ಅಂತೀರಿ? ಇದರಾಗ ನೂರಾರು ಹೂವು ಅದಾವ, ಬಿಡಿಸಿ ನೋಡ್ರಿ" ಅಂತ ನಿಮ್ಮ ಕೈಯಲ್ಲಿ ಒಂದೊಂದು ಎಸಳು ಕೊಟ್ಟು, ಸಭೆಯನ್ನು ಅಲ್ಲಿಗೇ ನಿಲ್ಲಿಸಿ, ಪ್ರಾಕ್ಟಿಕಲ್ ಮಾಡಿಸುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಮೇಡಂ ನನ್ನನ್ನು ಇಲ್ಲಿಯ ಸಂತೆಗೆ ಕರೆದುಕೊಂಡು ಹೋದರು. ಕೈಚೀಲ ಹಿಡಿಯಲು ಕರೆದರು ಅಂದುಕೊಂಡೆ. ಅವರು ಕಾಯಿಪಲ್ಯದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಸೌತೆ ಮುಟ್ಟಿದರು, ಹೀರೆ ಮುಟ್ಟಿದರು, ಹಾಗಲ, ತೊಂಡೆ, ಕುಂಬಳ, ಕಲ್ಲಂಗಡಿ — ಒಂದೊಂದನ್ನೂ ಹೀಗೆ ಬೆರಳಿಂದ ಮುಟ್ಟಿ ನನ್ನ ಮುಖ ನೋಡಿದರು.

"ಇವೆಲ್ಲ ಯಾವ ಮನಿತನದವು, ಹೇಳು ಸೋಮಲಿಂಗ?"

ಕುಟುಂಬ ಅಂತ ಪುಸ್ತಕದಲ್ಲಿ ಇರುತ್ತದೆ. ನನ್ನ ಜೊತೆ ಮಾತಾಡುವಾಗ ಅವರು ಮನೆತನ ಅನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾರುವಾಕೆ ಅಂದಳು: "ಅಕ್ಕಾರ, ಮನಿತನ ಯಾಕ ಕೇಳಾಕತ್ತೀರಿ? ಕಾಯಿ ಕೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?" ಸಂತೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಆಕೆಯ ಬುಟ್ಟಿಯಿಂದ ಹೂವು ಉದುರದ ಒಂದು ಎಳೆ ಹೀರೇಕಾಯಿ ತೆಗೆದು ಪಾಠ ಶುರು ಮಾಡಿಬಿಟ್ಟರು.

ಅವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ. ಸೌತೆಯ ಮನೆತನವನ್ನು ಹೀಗೆ ಗುರುತು ಹಿಡಿಯಬೇಕು. ಬಳ್ಳಿ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ, ಕುಡಿ ಚಾಚಿ ಏನನ್ನಾದರೂ ಹಿಡಿಯುತ್ತದೆ. ಆ ಕುಡಿ ಎಲ್ಲಿಂದ ಹೊರಟಿದೆ ಅಂತ ನೋಡಿ — ದ್ರಾಕ್ಷಿಗಾದರೆ ಎಲೆಯ ಎದುರಿಗೆ ಇರುತ್ತದೆ, ಇವಕ್ಕೆ ಎಲೆಯ ಬಗಲಲ್ಲಿ. ಆಮೇಲೆ ಹೂವು. ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಾದರೆ ಅರಳುವ ಮೊದಲೇ ಎಸಳಿನ ಕೆಳಗೆ ಒಂದು ಪುಟ್ಟ ಕಾಯಿ ಕೂತಿರುತ್ತದೆ. ಗಂಡು ಹೂವಿನ ಕೆಳಗೆ ಬರೀ ತೊಟ್ಟು. ಇಷ್ಟು. ಇಷ್ಟು ಗೊತ್ತಿದ್ದರೆ ನೀವು ಯಾವ ಊರಿಗೆ ಹೋದರೂ ಆ ಮನೆತನದವರನ್ನು ಕಂಡುಹಿಡಿಯುತ್ತೀರಿ. ಮನೆತನ ಗೊತ್ತಾದ ಮೇಲೆ ಆ ಮನುಷ್ಯ ಯಾರು ಅನ್ನುವುದು — ಅದಕ್ಕೆ ಕಾಯಿ ಬೇಕು, ಹಣ್ಣು ಬೇಕು, ಬೀಜ ಬೇಕು. ಬೀಜ ನೋಡದೆ ಮೇಡಂ ಯಾವುದಕ್ಕೂ ಹೆಸರು ಬರೆಯುತ್ತಿರಲಿಲ್ಲ.

ನನ್ನ ಮಾತು ಆ ಬೀಜದ ಬಗ್ಗೆಯೇ ಇದೆ.

2013ನೇ ಇಸವಿ, ಶ್ರಾವಣ ಮಾಸ. ಮೇಡಂ ನವನಗರದಿಂದ, ನಾನು ಬೇವೂರಿನಿಂದ. ಇಬ್ಬರೂ ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಕೂಡಿ, ಗಿಡ ಹುಡುಕಿಕೊಂಡು ಬಾದಾಮಿಗೆ ಹೋದೆವು. ಅಲ್ಲಿಂದ ಬನಶಂಕರಿ, ಅಲ್ಲಿಂದ ನಡೆದು ಚೊಳಚಗುಡ್ಡ. ಊರ ಹಿಂದೆ ಕೆಂಪು ಬಂಡೆ ಇದೆ, ಅದರ ಕೆಳಗೆ ಹಳ್ಳ. ಬಂಡೆಯ ಬಿರುಕಿನಲ್ಲಿ ಮೇಡಂ ಒಂದು ಬಳ್ಳಿ ಕಂಡರು. ನಾನು ನೋಡಿ "ಮಡಹಾಗಲ ಬಿಡ್ರಿ ಮೇಡಂ, ನಮ್ಮ ಹೊಲದ ಬೇಲಿಯಾಗ ಬೇಕಾದಷ್ಟು ಐತಿ" ಅಂದೆ. ಅವರು ಎಲೆ ತಿರುವಿದರು, ಭೂತಗನ್ನಡಿ ಹಿಡಿದರು, ಮೂಸಿದರು. ಮುಖ ಬದಲಾಯಿತು. ನಾನು ಅಷ್ಟು ವರ್ಷದಲ್ಲಿ ಆ ಮುಖ ನೋಡಿರಲಿಲ್ಲ.

"ಇದು ಮಡಹಾಗಲ ಅಲ್ಲೋ. ಅದರ ದಾಯಾದಿ ಇದ್ದಂಗ ಐತಿ. ಎಲಿ ಬ್ಯಾರೆ, ವಾಸನಿ ಬ್ಯಾರೆ. ನಾ ಇದನ್ನ ಎಲ್ಲೂ ನೋಡಿಲ್ಲ."

ಮೊಗ್ಗು ಇನ್ನೂ ಅರಳಿರಲಿಲ್ಲ. ಹದಿನೈದು ದಿನ ಬಿಟ್ಟು ಬರೋಣ ಅಂದರು. ಸುತ್ತ ಜಾಲಿ ಮುಳ್ಳು, ಮೇಡಂ ಸೀರೆ ಸಿಕ್ಕಿ ಹರಿದಿತ್ತು. ಮುಂದಿನ ಭಾನುವಾರ ನಾನೊಬ್ಬನೇ ಕುಡುಗೋಲು ತೆಗೆದುಕೊಂಡು ಹೋದೆ. ಅವರೇನೂ ಹೇಳಿರಲಿಲ್ಲ. ದಾರಿ ಹಸನು ಮಾಡಿಟ್ಟರೆ ಖುಷಿಪಟ್ಟಾರು ಅಂತ ನಾನೇ ಹೋದೆ.

ಈಗ ಒಂದು ವಿಷಯ ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಹೊಲವೂ ಸ್ವಲ್ಪ ಇದೆ. ಬೇಲಿಯಲ್ಲಿ ಮಡಹಾಗಲ ಹಬ್ಬುತ್ತದೆ. ನಮ್ಮವ್ವ ಹುಚ್ಚವ್ವ ಮಳೆಗಾಲದಲ್ಲಿ ಬೇಲಿಗುಂಟ ಹೋಗಿ, ಮೈತುಂಬ ಹೂ ಬಿಟ್ಟು ಒಂದೂ ಕಾಯಿ ಕಟ್ಟದ ಬಳ್ಳಿಯನ್ನು ಹುಡುಕಿ ಗಡ್ಡೆಸಮೇತ ಕೀಳುತ್ತಿದ್ದಳು. "ಬರೇ ಹೂ ಬಿಟ್ಟು ಮೆರೀತೈತಿ ಇದು. ಕಿತ್ತ ಒಗಿ, ಕಾಯಿ ಬಿಡೂದಕ್ಕರ ನೆಲ ಸಿಗಲಿ." ನಮ್ಮಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಮರುವರ್ಷ ಕಾಯಿ ಕಡಿಮೆಯಾದರೆ ಯಾರದೋ ದೃಷ್ಟಿ ತಾಕಿತು ಅಂತ ನಮ್ಮವ್ವ ಬೇಲಿಗೆ ಮೆಣಸಿನಕಾಯಿ ಇಳಿಸಿ ಸುಡುತ್ತಿದ್ದಳು. ಕೆಮ್ಮಿ ಕೆಮ್ಮಿ ಸಾಯುತ್ತಿದ್ದವರು ನಾವು ಮಕ್ಕಳು.

ಅವತ್ತು ಬಂಡೆಯ ಹತ್ತಿರ ಮುಳ್ಳು ಕಡಿದೆ. ಮೇಡಂ ಬಳ್ಳಿ ಅರಳಿತ್ತು. ಹೂವಿನ ಕೆಳಗೆ ಹೆಸರುಕಾಳಿನಷ್ಟು ಕಾಯಿ. ಅದರಿಂದ ನಾಲ್ಕು ಮಾರು ಆಚೆ, ಇನ್ನೊಂದು ಬಿರುಕಿನಲ್ಲಿ, ಅಂಥದೇ ಮತ್ತೊಂದು ಬಳ್ಳಿ. ಹಳದಿ ಹೂವೋ ಹೂವು. ಒಂದಕ್ಕೂ ಕೆಳಗೆ ಕಾಯಿಯಿಲ್ಲ. ನಾನು ನಮ್ಮವ್ವನ ಮಗ. ಮೇಡಂ ಬಳ್ಳಿಯ ಪಾಲಿನ ನೀರನ್ನು ಇದು ಕುಡಿಯುತ್ತಿದೆ ಅಂದುಕೊಂಡೆ. ಬಿರುಕಿಗೆ ಕುಡುಗೋಲು ಹಾಕಿ ಮೀಟಿದೆ. ಮುಷ್ಟಿಯಷ್ಟು ಗಡ್ಡೆ ಬಂತು. ಹಳ್ಳದ ಕಡೆ ಬೀಸಿ ಒಗೆದೆ. ಕೈ ಕೊಡವಿಕೊಂಡು, ಬನಶಂಕರಿಯಲ್ಲಿ ಚಹಾ ಕುಡಿದು, ಖುಷಿಯಿಂದ ಊರಿಗೆ ಬಂದೆ.

ಮುಂದಿನ ವಾರ ಮೇಡಂ ಬಂದರು. ದಾರಿ ನೋಡಿ "ಶಾಣ್ಯಾ ಆಗೀ" ಅಂದರು. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಎಂಥ ಕೆಲಸಕ್ಕೆ ಸಿಕ್ಕಿತು ನೋಡಿ. ಆಮೇಲೆ ಅವರು ಸಂಜೆಯವರೆಗೂ ಬಂಡೆಯ ಸುತ್ತ ತಿರುಗಿದರು. "ಇದರ ಜೋಡಿ ಇಲ್ಲೇ ಎಲ್ಲೋ ಇರಬೇಕಲ್ಲೋ ಸೋಮಲಿಂಗ" ಅಂತ ಮತ್ತೆ ಮತ್ತೆ ಅಂದರು. ಹಾಳೆಗೆ ಹಚ್ಚಲು ಇನ್ನೊಂದು ತುಂಡು ಬೇಕೇನೋ ಅಂತ ನಾನು ತಿಳಿದೆ. ನಿಜವಾಗಿಯೂ ಗೊತ್ತಿರಲಿಲ್ಲ. ದೇವರಾಣೆ, ಅವತ್ತು ಗೊತ್ತಿರಲಿಲ್ಲ.

ಗೊತ್ತಾದದ್ದು ಜನವರಿಯಲ್ಲಿ. ಎರಡನೇ ವರ್ಷದ ಪ್ರಾಕ್ಟಿಕಲ್. ನಾನು ತಟ್ಟೆಯಲ್ಲಿ ತೊಂಡೆ ಹೂ ಇಟ್ಟುಕೊಂಡು ಹಿಂದೆ ನಿಂತಿದ್ದೆ. ಮೇಡಂ ಹುಡುಗರಿಗೆ ಹೇಳುತ್ತಿದ್ದರು: "ಸೌತಿಗೆ, ಹೀರಿಗೆ ಒಂದ ಬಳ್ಳಿಯಾಗ ಗಂಡು ಹೆಣ್ಣು ಎರಡೂ ಹೂ ಬರ್ತಾವ. ಆದರ ಈ ಮನಿತನದಾಗ ಕೆಲವು ಅದಾವ, ಗಂಡ ಬಳ್ಳಿನೂ ಬ್ಯಾರೆ, ಹೆಣ್ಣ ಬಳ್ಳಿನೂ ಬ್ಯಾರೆ. ತೊಂಡಿ, ಮಡಹಾಗಲ. ಗಂಡ ಬಳ್ಳಿ ಜಲ್ಮದಾಗ ಕಾಯಿ ಬಿಡೂದಿಲ್ಲ. ಆದರ ಅದು ಸನಿಹ ಇಲ್ಲಂದ್ರ ಹೆಣ್ಣ ಬಳ್ಳಿನೂ ಬಿಡೂದಿಲ್ಲ."

ಕೈಯಲ್ಲಿದ್ದ ತಟ್ಟೆ ಬಿತ್ತು. ಗಾಜು ಒಡೆಯಿತು. "ಏ ಸೋಮಲಿಂಗ, ನಿದ್ದಿ ಬಂತೇನು?" ಅಂದರು. ಹುಡುಗರು ನಕ್ಕರು. ನಾನು ಗಾಜು ಆರಿಸುತ್ತ ಕೂತೆ. ತಲೆ ಎತ್ತಲಿಲ್ಲ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಮೊದಲು ಹೆದರಿಕೆ. ಅವರ ಸಿಟ್ಟು ನಿಮಗೆ ಗೊತ್ತು. ವಿಭಾಗದಿಂದಲೇ ತೆಗೆಸಿ ಆಫೀಸಿನ ಗಂಟೆ ಹೊಡೆಯಲು ಹಾಕಿಸಿಯಾರು ಅನ್ನಿಸಿತು. ಮುಂದಿನ ಮಳೆಗಾಲದಲ್ಲಿ ಅವರೇ ಅಂದರು: "ಬಾ, ಗಂಡ ಬಳ್ಳಿ ಹುಡುಕೂನು." ಹೋದೆವು. ಇಡೀ ಬಂಡೆಸಾಲು ಹುಡುಕಿದೆವು, ಸಿಗಲಿಲ್ಲ. ಹೆಣ್ಣು ಬಳ್ಳಿ ಹೂ ಬಿಟ್ಟಿತ್ತು. ಎರಡು ದಿನಕ್ಕೆ ಆ ಪುಟ್ಟ ಕಾಯಿಗಳು ಹಳದಿಯಾಗಿ ಉದುರುತ್ತಿದ್ದವು. ಮೇಡಂ ಅವುಗಳನ್ನು ಅಂಗೈಯಲ್ಲಿ ಆರಿಸಿಕೊಂಡು ಭೂತಗನ್ನಡಿ ಹಿಡಿಯುತ್ತಿದ್ದರು. ಮತ್ತೊಂದು ವರ್ಷ, ಮಗದೊಂದು ವರ್ಷ. ಕೊರೋನಾ ವರ್ಷ ಬಸ್ಸಿರಲಿಲ್ಲ, ಪರಿಚಯದವರ ಟಂಟಂನಲ್ಲಿ ಮುಖಕ್ಕೆ ಅರಿವೆ ಕಟ್ಟಿಕೊಂಡು ಹೋದೆವು. ಅವರು ನಿವೃತ್ತರಾದ ಮೇಲೂ ಹೋದೆವು. ಹನ್ನೊಂದು ಮಳೆಗಾಲ.

ಆ ಪ್ರತಿ ವರ್ಷದ ತುಂಡನ್ನು ಒಣಗಿಸಿ ಹಾಳೆಗೆ ಹಚ್ಚಿದವನು ನಾನು. ಪೇಪರಿನ ನಡುವೆ ಇಟ್ಟು, ದಿನಾ ಪೇಪರು ಬದಲಿಸಿ, ಹಸಿ ಆರಿದ ಮೇಲೆ ಹಾಳೆಗೆ ಅಂಟಿಸಿ, ದಾರದಲ್ಲಿ ಎರಡು ಹೊಲಿಗೆ ಹಾಕಿ, ಕೆಳಗೆ ಬಲಗಡೆ ಮೇಡಂ ಬರೆದ ಚೀಟಿ ಅಂಟಿಸುವುದು. ಚೀಟಿಯಲ್ಲಿ ಷರಾ ಅಂತ ಒಂದು ಸಾಲು ಇರುತ್ತದೆ. ಮೇಡಂ ಅಲ್ಲಿ ಪ್ರತಿ ವರ್ಷ ಬರೆದರು — "ಕಾಯಿ ಇಲ್ಲ. ಕಾರಣ ತಿಳಿಯದು." ಕಾರಣ ಕೈಯಲ್ಲಿ ಗೋಂದು ಹಿಡಿದುಕೊಂಡು ಎದುರಿಗೇ ನಿಂತಿತ್ತು. ಹನ್ನೊಂದು ಚೀಟಿ ಅಂಟಿಸಿದೆ. ಒಂದೂ ಸೊಟ್ಟಗಾಗದ ಹಾಗೆ ಅಂಟಿಸಿದೆ.

ಇನ್ನೂ ಒಂದು ಹೇಳಬೇಕು. ಇದು ಹೇಳಲು ನಾಚಿಕೆ. ಬರಬರುತ್ತ ಹೆದರಿಕೆ ಹೋಗಿತ್ತು. ಆದರೂ ಹೇಳಲಿಲ್ಲ. 2016ರಲ್ಲಿ ನನ್ನ ಹೆಂಡತಿ ಸವಿತಾ ತೀರಿಕೊಂಡಳು. ಮಕ್ಕಳಿಲ್ಲ. ಸಂಜೆ ಮನೆಗೆ ಹೋದರೆ ಬೀಗ ತೆಗೆಯುವವನೂ ನಾನೇ, ದೀಪ ಹಾಕುವವನೂ ನಾನೇ. ಮೇಡಂ ಕೂಡ ನವನಗರದ ಮನೆಯಲ್ಲಿ ಒಬ್ಬರೇ. ಒಂದು ಮಂಚ, ಉಳಿದದ್ದೆಲ್ಲ ಒಣಗಿದ ಎಲೆಯ ಟ್ರಂಕು. ಕಾಲೇಜಿನಲ್ಲಿ ಇದ್ದಾಗಲೂ ಅವರು ಸ್ಟಾಫ್ ರೂಮಿನಲ್ಲಿ ಊಟ ಮಾಡಿದವರಲ್ಲ, ಈ ಹಾಳೆಗಳನ್ನು ಇಡುವ, ನುಸಿಗುಳಿಗೆ ವಾಸನೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಸಂಜೆ ಐದಕ್ಕೆ ನನಗೆ ಫೋನು ಮಾಡುತ್ತಿದ್ದರು. ಹೇಗಿದ್ದೀ ಅಂತ ಒಂದು ದಿನವೂ ಕೇಳಿದವರಲ್ಲ. "ಇವತ್ತ ಯಾವ ಹೂ ನೋಡಿದಿ?" ಅಷ್ಟೇ. ನಾನು ಬಸ್ಸಿನಿಂದ ಇಳಿದು ಏನಾದರೂ ಒಂದು ಹೂ ನೋಡಿಟ್ಟುಕೊಂಡೇ ಮನೆಗೆ ಹೋಗುತ್ತಿದ್ದೆ.

ವರ್ಷಕ್ಕೆ ನಾಲ್ಕೈದು ಸಲ, ಶ್ರಾವಣದಲ್ಲಿ, ಚೊಳಚಗುಡ್ಡ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರು ಮುಂದೆ, ನಾನು ಹಿಂದೆ. ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಅವರ ಡಬ್ಬಿ ಅವರು, ನನ್ನ ಡಬ್ಬಿ ನಾನು. ಅವರ ಶೇಂಗಾ ಹಿಂಡಿ ನನಗೆ, ನನ್ನ ಕೆಂಪು ಖಾರ ಅವರಿಗೆ. ಹೇಳಿಬಿಟ್ಟರೆ ಹುಡುಕುವುದು ನಿಲ್ಲುತ್ತದೆ. ಹುಡುಕುವುದು ನಿಂತರೆ ಅವರು ನನ್ನನ್ನು ಯಾಕೆ ಕರೆಯಬೇಕು? ಗಂಡು ಬಳ್ಳಿ ಸಿಗಲಿ ಅಂತ ಅವರು ನಡೆಯುತ್ತಿದ್ದರು. ಸಿಗದೆ ಇರಲಿ ಅಂತ ನಾನು ಹಿಂದಿನಿಂದ ನಡೆಯುತ್ತಿದ್ದೆ. ಗುರುಲಿಂಗವ್ವನವರೇ, ನಿಮ್ಮ ತಂಗಿಗೆ ನಾನು ಮಾಡಿದ್ದು ಇದು.

— ಸ್ವಲ್ಪ ನೀರು ಕೊಡ್ರಪಾ.

ಈ ವರ್ಷ ಜೂನ್. ಮೇಡಂಗೆ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ದವಾಖಾನೆ. ಗುರುಲಿಂಗವ್ವನವರು ಬಂದು ಇದ್ದರು, ಅವತ್ತು ಒಳಗೆ ಅಡುಗೆ ಮಾಡುತ್ತಿದ್ದರು. ಮೇಡಂ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಭೂತಗನ್ನಡಿಯನ್ನು ಕೊರಳಿನ ದಾರಸಮೇತ ತೆಗೆದು ನನ್ನ ಕಡೆ ಚಾಚಿದರು.

"ಈ ವರ್ಷ ನನ್ನ ಕೈಲಿ ಆಗೂದಿಲ್ಲ. ನೀ ಒಬ್ಬನ ಹೋಗು. ಗಂಡ ಬಳ್ಳಿ ನೋಡ್ಕೊಂಡು ಬಾ."

ನನ್ನ ಕೈ ಮುಂದೆ ಹೋಗಲಿಲ್ಲ. "ಮೇಡಂ, ಅದನ್ನ ನಾನ ಕಿತ್ತೀನ್ರಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ನಮ್ಮವ್ವ, ಕುಡುಗೋಲು, ತಟ್ಟೆ ಬಿದ್ದದ್ದು, ಹನ್ನೊಂದು ವರ್ಷ, ಎಲ್ಲ. ಬೈಗುಳಕ್ಕೆ ಕಾದು ಕೂತೆ. ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೆ ಎಷ್ಟೋ ಆರಾಮ ಇತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಹನ್ನೊಂದು ವರ್ಷ ನನ್ನ ಬೆನ್ನ ಹಿಂದ ನಡದಿಯಲ್ಲೋ" ಅಂದರು. ಆಮೇಲೆ, "ಎದ್ದು ಹೋಗು."

ಎದ್ದೆ. ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದೆ. ಒಂದು ಕಾಲಿಗೆ ಹಾಕಿದ್ದೆ, ಇನ್ನೊಂದು ಸಿಗುತ್ತಿರಲಿಲ್ಲ, ಕಣ್ಣು ಕಾಣುತ್ತಿರಲಿಲ್ಲ ನೋಡಿ. ಒಳಗಿನಿಂದ ಕೂಗಿದರು. ಅದೇ ಹಳೆಯ ದನಿ, ಪ್ರಾಕ್ಟಿಕಲ್ ಹಾಲಿನ ದನಿ.

"ಏ! ಎಲ್ಲಿ ಒಗದಿ ಅದನ್ನ?"

"ಹಳ್ಳದ ಕಡೆ ಒಗದೀನ್ರಿ."

"ಗಡ್ಡಿ ಅಷ್ಟು ಸಸಾರ ಸಾಯೂದಿಲ್ಲೋ ಹುಚ್ಚಪ್ಯಾಲಿ. ಮಳಿ ಬಿದ್ದ ಮ್ಯಾಲ ಹಳ್ಳ ಹಿಡದು ನೋಡ್ಕೋತ ಹೋಗು. ನೀರು ಎಲ್ಲಿಗೆ ಒಯ್ದೈತಿ ಅಲ್ಲಿಗೆ ಹೋಗು."

ಮನುಷ್ಯರು ಇಂಥವರೂ ಇರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಮಳೆ ಬಿದ್ದ ಮೇಲೆ ಹೋದೆ. ಮುಂದೆ ಯಾರೂ ಇಲ್ಲದೆ ನಡೆದು ಗೊತ್ತಿರಲಿಲ್ಲ, ಎರಡು ಸಲ ದಾರಿ ತಪ್ಪಿದೆ. ಮೂರು ಭಾನುವಾರ ಏನೂ ಸಿಗಲಿಲ್ಲ. ನಾಲ್ಕನೆಯ ಭಾನುವಾರ, ಬಂಡೆಯಿಂದ ಒಂದು ಕಿಲೋಮೀಟರಿನಷ್ಟು ಕೆಳಗೆ, ಹಳ್ಳ ತಿರುಗುವಲ್ಲಿ ಮಣ್ಣು ಸೇರಿದ ಜಾಗ. ಜಾಲಿ ಪೊದೆಯ ಮೇಲೆ ಬಳ್ಳಿ ಹಬ್ಬಿತ್ತು. ಫೋನು ಹಚ್ಚಿದೆ.

"ಹೂವಿನ ಕೆಳಗ ಕಾಯಿ ಐತೇನು?"

"ಇಲ್ರಿ. ಬರೇ ತೊಟ್ಟು."

"ಮೊಗ್ಗಿನ ಬುಡಕ್ಕ ಕುಲಾಯಿ ಹೊದ್ದಂಗ ಒಂದು ಸಣ್ಣ ಎಲಿ ಐತೇನು?"

"ಐತ್ರಿ ಮೇಡಂ."

ಅದು ಗಂಡು ಬಳ್ಳಿಯೇ. ನಾನು ಒಗೆದ ಅದೇ ಗಡ್ಡೆಯೋ, ಬೇರೆ ಯಾವುದೋ, ನನಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಮೇಡಂ "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೂದು ಕಲಿ" ಅಂದರು.

ಆ ಹೂವು ಸಂಜೆ ಅರಳುವಂಥದು. ಮುಂದಿನ ವಾರ ಮೇಡಂ ಹೇಳಿಕೊಟ್ಟ ಹಾಗೆ, ಊಟದ ಡಬ್ಬಿಯಲ್ಲಿ ಒದ್ದೆ ಅರಿವೆ ಹಾಸಿ, ಆಗಷ್ಟೇ ಬಿರಿಯುತ್ತಿದ್ದ ಐದು ಗಂಡು ಹೂವು ಇಟ್ಟುಕೊಂಡು ಬಂಡೆಗೆ ಏರಿದೆ. ಎಸಳು ಕಿತ್ತು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನೆತ್ತಿಗೆ ಹೀಗೆ, ಮೆಲ್ಲಗೆ, ತಾಕಿಸುವುದು. ಕೂಸಿನ ಹಣೆಗೆ ವಿಭೂತಿ ಹಚ್ಚಿದ ಹಾಗೆ ಅಂದಿದ್ದರು. ಮೂರು ಹೂವಿಗೆ ಹಚ್ಚಿದೆ. ಬನಶಂಕರಿಯಲ್ಲಿ ಕರ್ಚಿಕಾಯಿ ಮಾರುವ ಹನಮವ್ವ ಆ ಕಡೆ ಸೊಪ್ಪು ಆಯಲು ಬಂದಿದ್ದಳು. ನಿಂತು ನೋಡಿದಳು. "ಏನ್ ಮಾಡಾಕತ್ತೀಯೋ ಯಪ್ಪಾ, ಹೂವಿಗೆ ಲಗ್ನ ಮಾಡಿಸಾಕತ್ತೀ ಏನು?" ಹೌದಬೇ ಅಂದೆ. ಆಕೆಗೆ ಹೇಳಿಬಿಟ್ಟೆ: ಇದರಲ್ಲಿ ಕಾಯಿ ಕಂಡರೆ ಪಲ್ಯಕ್ಕೆ ಕೀಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಈಗ ಆಕೆ ಆ ಕಡೆ ಆಡು ಬಂದರೂ ಹೊಡೆದು ಓಡಿಸುತ್ತಾಳೆ.

ನಾಲ್ಕನೆಯ ದಿನ ರಜೆ ಹಾಕಿ ಹೋದೆ. ಎರಡು ಉದುರಿದ್ದವು. ಒಂದು ನಿಂತಿತ್ತು, ಹಸಿರಾಗಿ, ದುಂಡಗೆ. ಫೋನು ಮಾಡಿ ಹೇಳಿದೆ. ಮೇಡಂ ಅತ್ತರೋ ನಕ್ಕರೋ ತಿಳಿಯಲಿಲ್ಲ. ಗುರುಲಿಂಗವ್ವನವರೇ, ನೀವು ಹತ್ತಿರ ಇದ್ದಿರಿ, ನಿಮಗೆ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ ಅಂದರು:

"ಸೋಮಲಿಂಗ, ಆ ಹನ್ನೊಂದು ಹಾಳಿ ತಗಿ. ಷರಾ ತಿದ್ದು. ಕಾರಣ ತಿಳಿಯದು ಅಂತ ಬರದೀನಿ, ಅದು ತಪ್ಪು. ಮುಂದ ಯಾರೋ ನೋಡ್ತಾರ, ಬಂಡಿಗಲ್ಲಿನ ಕಾವಿಗೆ ಬಳ್ಳಿ ಬಂಜಿ ಆತು ಅಂತ ತಿಳ್ಕೋತಾರ. ಖರೆ ಬರಿ. ಕಿತ್ತಾವನ ಹೆಸರೂ ಬರಿ."

"ನನ್ನ ಹೆಸರಾ ಮೇಡಂ?"

"ಮತ್ತ ನನ್ನ ಹೆಸರು ಬರೀತಿ ಏನು?"

ಅದೇ ಕೊನೆಯ ಬೈಗುಳ. ಆರು ದಿನಕ್ಕೆ ಮೇಡಂ ಲಿಂಗೈಕ್ಯರಾದರು. ಕಾಯಿ ಇನ್ನೂ ಹಸಿರು.

ಈ ಹಾಳೆಗಳನ್ನು ಹಾಗೇ ಬಿಡು, ಸತ್ತವರ ಅಕ್ಷರದ ಮೇಲೆ ಯಾಕೆ ಬರೆಯುತ್ತೀ ಅಂತ ನನಗೆ ಇಬ್ಬರು ಮೂವರು ಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಮುಂದಿನ ವರ್ಷ ನಿವೃತ್ತಿ, ಯಾಕೆ ಈ ಕೆಟ್ಟ ಹೆಸರು ಅಂತ. ಈ ಹಾಳೆಗಳು ನೂರು ವರ್ಷ ಇರುತ್ತವೆ, ನಾನು ಇರುವುದಿಲ್ಲ. ನನಗೆ ಮಕ್ಕಳಿಲ್ಲ. ನನ್ನ ಹೆಸರು ಎಲ್ಲಾದರೂ ಉಳಿದರೆ ಇದೊಂದರಲ್ಲೇ, ಅದೂ ಹೀಗೆ. ನಿನ್ನೆ ಮಧ್ಯಾಹ್ನ ಆ ಕೋಣೆಯಲ್ಲಿ ಕೂತು ಹನ್ನೊಂದಕ್ಕೂ ಬರೆದೆ. ಓದುತ್ತೇನೆ.

"ಸೌತೆ ಕುಟುಂಬ. ಹೆಣ್ಣು ಬಳ್ಳಿ. ಚೊಳಚಗುಡ್ಡದ ಹಿಂದಿನ ಬಂಡೆ. ಸಂಗ್ರಹಿಸಿದವರು: ಬಸವೇಶ್ವರಿ. ಷರಾ ತಿದ್ದುಪಡಿ: ಕಾಯಿ ಇಲ್ಲ. ಕಾರಣ, ಹತ್ತಿರವಿದ್ದ ಒಂದೇ ಗಂಡು ಬಳ್ಳಿಯನ್ನು 2013ರ ಶ್ರಾವಣದಲ್ಲಿ ಲ್ಯಾಬ್ ಅಟೆಂಡರ್ ಸೋಮಲಿಂಗ, ಬೇವೂರು, ಗೊತ್ತಿಲ್ಲದೆ ಕಿತ್ತನು. ಗೊತ್ತಾದ ಮೇಲೂ ಹೇಳಲಿಲ್ಲ."

ಗೊತ್ತಾದ ಮೇಲೂ ಹೇಳಲಿಲ್ಲ ಅನ್ನುವುದನ್ನು ಬರಿ ಅಂತ ಮೇಡಂ ಹೇಳಿರಲಿಲ್ಲ. ಅದನ್ನು ನಾನೇ ಬರೆದೆ.

ಕಾಯಿ ಹಣ್ಣಾಗಲು ಇನ್ನು ಒಂದು ವಾರ ಬೇಕು. ತಾನಾಗಿಯೇ ಒಡೆಯುತ್ತದೆ, ಒಳಗೆ ಬೀಜ ಕಾಣುತ್ತದೆ. ಹನ್ನೆರಡನೆಯ ಹಾಳೆಗೆ ಅದನ್ನು ಹಚ್ಚುತ್ತೇನೆ. ಆ ಚೀಟಿಯಲ್ಲಿ ಗುರುತಿಸಿದವರು ಅಂತ ಒಂದು ಸಾಲಿದೆ. ಅದನ್ನು ಖಾಲಿ ಬಿಡುತ್ತೇನೆ. ಬೀಜ ನೋಡಿ ಇದು ಮಡಹಾಗಲವೋ, ಅದರ ದಾಯಾದಿಯೋ, ಇನ್ನೂ ಯಾರೂ ಹೆಸರಿಡದ್ದೋ ಅಂತ ಹೇಳುವಷ್ಟು ನನಗೆ ಬರುವುದಿಲ್ಲ. ಬರುವವರು ಯಾರಾದರೂ ಮುಂದೆ ಬಂದಾರು. ಮುಂದಿನ ಭಾನುವಾರ ಆ ಬಂಡೆಯ ಹತ್ತಿರ ಕೂತು ಒಡೆದ ಹಣ್ಣು ನೋಡುವವನು ಮಾತ್ರ ನಾನೊಬ್ಬನೇ. ನೋಡಿದ್ದನ್ನು ಸಂಜೆ ಯಾರಿಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಐದು ನಿಮಿಷ ಕೊಟ್ಟಿದ್ದರು, ಬಹಳ ತೆಗೆದುಕೊಂಡೆ. ಕ್ಷಮಿಸಿ ಅಂತ ಕೇಳುವುದಿಲ್ಲ, ಕೇಳಬೇಕಾದವರು ಹೋಗಿದ್ದಾರೆ.

ಈಗ ಎಲ್ಲರೂ ಎದ್ದು ನಿಲ್ಲಬೇಕು. ಹಿಂದಿನವರೂ ಏಳಿ. ಗುರುಲಿಂಗವ್ವನವರೇ, ನಿಮಗೆ ಮೊಣಕಾಲು ನೋವು, ನೀವು ಕೂತಿರಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ, ನೀವೆಲ್ಲ ಮೇಡಂ ಅವರನ್ನು ನೆನೆದುಕೊಳ್ಳಿ. ಅವರ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ನನಗೆ ಹನ್ನೊಂದು ವರ್ಷದ ರೂಢಿ. ಇದೊಂದು ನಿಮಿಷ ನಿಮ್ಮ ಜೊತೆ ನಿಲ್ಲುತ್ತೇನೆ.